ತೂಕದ ಸಾರ್ ತೂಗಿದ ಎರಡು ಕಾರ್ಡು

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನು ಜಯನಗರದ ತರಕಾರಿಯವನು. "ಅಕ್ಕಾ, ನಿಮ್ ತೂಕದ ಸಾರ್ ಹೋಗ್ಬಿಟ್ರಂತೆ, ಗೊತ್ತಾಯ್ತಾ?" ಅಂದ. ಅನ್ನುತ್ತಲೇ ತಕ್ಕಡಿಯಲ್ಲಿದ್ದ ಬೀನ್ಸಿನ ಮೇಲೆ ಇನ್ನೊಂದು ಹಿಡಿ ಬೀನ್ಸ್ ಹಾಕಿದ. ಅದು ದುಃಖಕ್ಕೆ ಹಾಕಿದ್ದಲ್ಲ. ಅವರ ಹೆಸರೆತ್ತಿದರೆ ಆ ಮಾರ್ಕೆಟ್ಟಿನವರ ಕೈ ತಾನಾಗಿಯೇ ಒಂದು ಹಿಡಿ ಹೆಚ್ಚು ಹಾಕುತ್ತಿತ್ತು. ನಾನು ಅಲ್ಲೇ ನಿಂತು ಅತ್ತೆ. ಅವನಿಗೆ ಗಾಬರಿಯಾಗಿ ನಾಲ್ಕು ಹಸಿಮೆಣಸಿನಕಾಯಿಯನ್ನೂ ಹಾಕಿದ.

ಮೂವತ್ತು ವರ್ಷ ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು. ಅಂಗಡಿಯವರ ತಕ್ಕಡಿ, ತೂಕದ ಕಲ್ಲು, ಲೀಟರಿನ ಅಳತೆ ಎಲ್ಲವನ್ನೂ ಪರೀಕ್ಷೆ ಮಾಡಿ, ಸರಿಯಿದ್ದರೆ ಸರ್ಕಾರದ ಮುದ್ರೆ ಒತ್ತುವ ಕೆಲಸ. ನನಗೆ ಪರಿಚಯವಾಗುವ ಹೊತ್ತಿಗೆ ನಿವೃತ್ತರಾಗಿ ಕೆಲವು ವರ್ಷಗಳಾಗಿದ್ದವು. ಆದರೆ ಅದನ್ನು ಮಾರ್ಕೆಟ್ಟಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಅವರು ಕೈಚೀಲ ಹಿಡಿದು ಒಂದು ತುದಿಯಿಂದ ಬಂದರೆ ಇನ್ನೊಂದು ತುದಿಯವರೆಗೂ ಸಿಳ್ಳು ಹೋಗುತ್ತಿತ್ತು. "ರಿಟೈರ್ ಆಗಿದೀನಪ್ಪ, ಬದನೆಕಾಯಿ ತಗೊಳಕ್ಕೆ ಬಂದಿದೀನಿ ಅಷ್ಟೆ" ಅಂತ ಅವರು ಹೇಳಿದಷ್ಟೂ ಅಂಗಡಿಯವರ ಭಯ ಹೆಚ್ಚುತ್ತಿತ್ತು. ಹೇಳದೆ ಕೇಳದೆ ತಪಾಸಣೆಗೆ ಬರುವ ಅಧಿಕಾರಿ ಇನ್ನೇನು ತಾನೆ ಹೇಳುತ್ತಾನೆ?

ಅವರಿಗೊಂದು ಒಳ್ಳೆಯ ಹೆಸರಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರನ್ನು ಅಚ್ಚಿನಲ್ಲಿ ನೋಡಿದರೆ ಅವರಿಗೆ ಕಸಿವಿಸಿಯಾಗುತ್ತಿತ್ತು. "ತೂಕದ ಕಲ್ಲಿನ ಮೇಲೆ ತೂಗಿದೋನ ಹೆಸರು ಇರತ್ತೇನಮ್ಮ? ಮುದ್ರೆ ಇದ್ರೆ ಸಾಕು" ಅನ್ನುತ್ತಿದ್ದರು. ನಾವೆಲ್ಲ ತೂಕದ ಸಾರ್ ಅಂತಲೇ ಕರೆಯುತ್ತಿದ್ದೆವು. ಅವರಿಗೂ ಅದೇ ಇಷ್ಟ.

ಅವರ ಸ್ವಭಾವ ಅರ್ಥವಾಗಬೇಕಾದರೆ ಚಪ್ಪಲಿಯ ವಿಷಯ ಹೇಳಬೇಕು. ಎರಡು ಕಂಪನಿಯ ಚಪ್ಪಲಿಗಳಲ್ಲಿ ಯಾವುದು ಹೆಚ್ಚು ಬಾಳಿಕೆ ಬರುತ್ತದೆ ಅಂತ ಒಮ್ಮೆ ಅವರಿಗೆ ಸಂಶಯ ಬಂತು. ಎರಡು ಜೊತೆ ಕೊಂಡರು. ಎಡಗಾಲಿಗೆ ಒಂದು ಕಂಪನಿಯದು, ಬಲಗಾಲಿಗೆ ಇನ್ನೊಂದು ಕಂಪನಿಯದು ಹಾಕಿಕೊಂಡು ಒಂದು ತಿಂಗಳು ಇಡೀ ಜಯನಗರ ತಿರುಗಿದರು. ಒಂದು ಕಂದು, ಇನ್ನೊಂದು ಕಪ್ಪು. ಮದುವೆಗೂ ಹಾಗೆಯೇ ಹೋದರು. ಛತ್ರದ ಬಾಗಿಲಲ್ಲಿ ಯಾರೋ ಪಾಪ ಅಂತ, "ಸಾರ್, ನಿಮ್ ಚಪ್ಪಲಿ ಅದಲು ಬದಲು ಆಗಿದೆ" ಅಂದರೆ, "ಗೊತ್ತು, ಇನ್ನೂ ಹನ್ನೊಂದು ದಿನ ಇದೆ" ಅಂದರಂತೆ. ಎರಡನೆಯ ತಿಂಗಳು ಕಂದನ್ನು ಬಲಗಾಲಿಗೂ ಕಪ್ಪನ್ನು ಎಡಗಾಲಿಗೂ ಬದಲಾಯಿಸಿಕೊಂಡರು. ಯಾಕೆ ಸಾರ್ ಅಂತ ಕೇಳಿದೆ. "ಬಲಗಾಲು ಜಾಸ್ತಿ ಸವೆಯತ್ತೆ ಕಣಮ್ಮ. ಒಂದು ಚಪ್ಪಲಿಗೆ ಬರೀ ಬಲಗಾಲು ಕೊಟ್ರೆ ಅದಕ್ಕೆ ಅನ್ಯಾಯ ಆಗತ್ತೆ. ಇಬ್ರಿಗೂ ಒಂದೇ ನೆಲ, ಒಂದೇ ಕಾಲು ಸಿಗ್ಬೇಕು" ಅಂದರು. ಚಪ್ಪಲಿಗೂ ನ್ಯಾಯ ಹೇಳಿದ ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಾವುದಕ್ಕೂ ಅವರದು ಅವಸರವಿಲ್ಲ. ಏನು ಕೇಳಿದರೂ ಮೊದಲು ಬರುವ ಉತ್ತರ "ಮುಳ್ಳು ನಿಲ್ಲಲಿ ತಾಳಮ್ಮ." ತಕ್ಕಡಿಯ ಮುಳ್ಳು ಆಡುತ್ತಿರುವಾಗ ತೂಕ ಓದಬಾರದು ಅನ್ನುವುದು ಅವರ ಇಲಾಖೆಯ ಮೊದಲ ಪಾಠ. ಅದನ್ನು ಅವರು ಬದುಕಿಗೆಲ್ಲ ಹಚ್ಚಿಬಿಟ್ಟಿದ್ದರು. ಕಾಫಿ ಬೇಕೋ ಟೀ ಬೇಕೋ ಅಂದರೂ ಮುಳ್ಳು ನಿಲ್ಲಬೇಕು. ಅದು ನಿಲ್ಲುವ ಹೊತ್ತಿಗೆ ಹೋಟೆಲಿನ ಮಾಣಿ ಪಕ್ಕದ ಟೇಬಲ್ಲಿನ ಬಿಲ್ಲು ವಸೂಲಿ ಮಾಡಿಕೊಂಡು ಬಂದಿರುತ್ತಿದ್ದ.

ನಾನು ಆಗ ಗಿರಿನಗರದಲ್ಲಿ ಒಂದು ಕಂಪ್ಯೂಟರ್ ಮಾಸಿಕದ ಪುಟ ಜೋಡಿಸುವ ಕೆಲಸದಲ್ಲಿದ್ದೆ. ಕಂಪ್ಯೂಟರ್ ಮಾಸಿಕ ಅಂದರೆ ಗಾಜಿನ ಆಫೀಸು ಅಂತ ತಿಳಿಯಬೇಡಿ. ಸಂಪಾದಕರ ಮನೆಯ ಕಾರ್ ಶೆಡ್ಡು. ಕಾರು ಹೊರಗೆ ಬಿಸಿಲಲ್ಲಿ, ನಾವು ಒಳಗೆ. ಹಳ್ಳಿ ಊರುಗಳ ಓದುಗರಿಗೆ ಕನ್ನಡದಲ್ಲಿ ಕಂಪ್ಯೂಟರ್ ಹೇಳಿಕೊಡಬೇಕು ಅನ್ನುವುದು ಸಂಪಾದಕರ ಕನಸು. ಜಾಹೀರಾತು ಬರಬೇಕು ಅನ್ನುವುದು ಅವರ ಹೆಂಡತಿಯ ಕನಸು. ತಿಂಗಳಿಂದ ತಿಂಗಳಿಗೆ ಎರಡೂ ಎಳೆದಾಡಿಕೊಂಡು ಪತ್ರಿಕೆ ಹೇಗೋ ಹೊರಬರುತ್ತಿತ್ತು.

ತೂಕದ ಸಾರ್ ನಿವೃತ್ತಿಯ ಮೇಲೆ ಕಂಪ್ಯೂಟರ್ ಕೋರ್ಸಿಗೆ ಸೇರಿದವರು. ಮಾರ್ಕೆಟ್ಟಿಗೆ ಎಲೆಕ್ಟ್ರಾನಿಕ್ ತಕ್ಕಡಿ ಬರತೊಡಗಿದ್ದೇ ಅದಕ್ಕೆ ಕಾರಣ. ಅದಕ್ಕೆ ಮುಳ್ಳಿಲ್ಲ, ಬರೀ ಅಂಕಿ. ಮುಳ್ಳಿಲ್ಲದ ತಕ್ಕಡಿಯನ್ನು ನಂಬುವುದು ಹೇಗೆ, ಅದರ ಹೊಟ್ಟೆಯೊಳಗೆ ಏನಿದೆ ಅಂತ ನೋಡಲು ಹೋಗಿ, ಕಂಪ್ಯೂಟರಿನ ಹೊಟ್ಟೆಯೊಳಗೇ ಉಳಿದುಬಿಟ್ಟರು. ನಮ್ಮ ಪತ್ರಿಕೆಗೆ ಪ್ರತಿ ತಿಂಗಳು ಎರಡು ವಸ್ತುಗಳನ್ನು ಹೋಲಿಸಿ ಬರೆಯುತ್ತಿದ್ದರು: ಎರಡು ಪ್ರಿಂಟರು, ಎರಡು ಕೀಬೋರ್ಡು, ಎರಡು ಯುಪಿಎಸ್. ಗೆದ್ದ ವಸ್ತುವಿನ ಪಕ್ಕದಲ್ಲಿ ದುಂಡಗೆ ಒಂದು ಮುದ್ರೆ. ಆ ಮುದ್ರೆಯ ಚಿತ್ರ ನಾನೇ ಮಾಡಿದ್ದು. ಅದಿದ್ದರೆ ಹಾವೇರಿಯಲ್ಲೋ ಹಾಸನದಲ್ಲೋ ಇರುವ ಓದುಗರು ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು. "ಮೂವತ್ತು ವರ್ಷದಲ್ಲಿ ಒಂದು ತಪ್ಪು ಕಲ್ಲಿಗೆ ಮುದ್ರೆ ಒತ್ತಿಲ್ಲ ಕಣಮ್ಮ" ಅನ್ನುವುದೊಂದೇ ಅವರ ಬಾಯಲ್ಲಿ ನಾನು ಕೇಳಿದ ಜಂಬದ ಮಾತು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಸಂಪಾದಕರು ಎರಡು ಗ್ರಾಫಿಕ್ಸ್ ಕಾರ್ಡ್ ತಂದು ಮೇಜಿನ ಮೇಲಿಟ್ಟರು. ಕಂಪ್ಯೂಟರ್ ಆಟಗಳ ಚಿತ್ರವನ್ನು ಪರದೆಯ ಮೇಲೆ ಬರೆಯುವುದಕ್ಕೆಂದೇ ಒಳಗೆ ಸಿಕ್ಕಿಸುವ ಹಲಗೆ ಅದು. ಒಂದರ ಡಬ್ಬದ ಮೇಲೆ ಖಡ್ಗ ಹಿಡಿದ ಒಬ್ಬ ಹೆಂಗಸು, ಹಿಂದೆ ಬೆಂಕಿ. ಇನ್ನೊಂದು ಬಿಳಿ ಡಬ್ಬ, ಅದರ ಮೇಲೆ ಔಷಧಿ ಡಬ್ಬದ ಹಾಗೆ ಹೆಸರು ಮಾತ್ರ. ಎರಡಕ್ಕೂ ಬೆಲೆ ಹೆಚ್ಚುಕಡಿಮೆ ಒಂದೇ. ಖಡ್ಗದ ಹೆಂಗಸನ್ನು ಮಾರುವ ಅಂಗಡಿಯವರು ನಮ್ಮ ಹಿಂಬದಿ ರಕ್ಷಾಪುಟದ ಜಾಹೀರಾತುದಾರರು.

ಸಾರ್ ಕನ್ನಡಕ ಏರಿಸಿ ಎರಡರ ಮೇಲಿನ ಸಣ್ಣಕ್ಷರವನ್ನೂ ಓದಿದರು. ಹಾಳೆಯ ನಡುವೆ ಗೆರೆ ಎಳೆದು ಬರೆದುಕೊಂಡರು. ಖಡ್ಗದ ಡಬ್ಬದಲ್ಲಿ ಮೆಮೊರಿ ನೂರಿಪ್ಪತ್ತೆಂಟು ಎಂಬಿ. ಬಿಳಿ ಡಬ್ಬದಲ್ಲಿ ಅದರ ಅರ್ಧ, ಅರವತ್ತನಾಲ್ಕು. ಆದರೆ ಮೆಮೊರಿಯಿಂದ ಮಾಹಿತಿ ಓಡಾಡುವ ದಾರಿ ಬಿಳಿಯದರಲ್ಲಿ ನೂರಿಪ್ಪತ್ತೆಂಟು ಬಿಟ್ ಅಗಲ, ಖಡ್ಗದ್ದರಲ್ಲಿ ಅರ್ಧ.

"ನೋಡಮ್ಮ," ಅಂದರು, "ನಿಮ್ಮನೆ ಮಹಡಿ ಮೇಲೆ ದೊಡ್ಡ ಟ್ಯಾಂಕ್ ಇದೆ, ನಲ್ಲಿ ಮಾತ್ರ ಸಣ್ಣದು. ಪಕ್ಕದ ಮನೇಲಿ ಸಣ್ಣ ಟ್ಯಾಂಕು, ದಪ್ಪ ನಲ್ಲಿ. ಬೆಳಿಗ್ಗೆ ಬಕೆಟ್ ಯಾರ್ದು ಬೇಗ ತುಂಬತ್ತೆ?"

"ಪಕ್ಕದ ಮನೇದು. ಹಾಗಾದ್ರೆ ಬಿಳಿ ಡಬ್ಬಕ್ಕೆ ಮುದ್ರೆ ಹಾಕ್ಬಿಡ್ಲಾ ಸಾರ್?"

"ಛೆ ಛೆ! ಮುಳ್ಳು ನಿಲ್ಲಲಿ. ಕಾಗದ ಏನಾದ್ರೂ ಹೇಳ್ಲಿ, ತಕ್ಕಡಿಗೆ ಹಾಕ್ದೆ ನಂಬೋದಿಲ್ಲ."

ತಕ್ಕಡಿ ಅಂದರೆ ಇಲ್ಲಿ ಒಂದು ಆಟ. ಮರಳುಗಾಡಿನ ಊರು, ಬಂದೂಕು ಹಿಡಿದ ಎರಡು ಗುಂಪು. ಪರದೆಯ ಮೂಲೆಯಲ್ಲಿ ಒಂದು ಅಂಕಿ ಓಡುತ್ತಿರುತ್ತದೆ: ಕಾರ್ಡು ಸೆಕೆಂಡಿಗೆ ಎಷ್ಟು ಚಿತ್ರ ಬರೆಯುತ್ತಿದೆ ಅಂತ. ಅಂಕಿ ದೊಡ್ಡದಾದಷ್ಟೂ ಆಟ ನಯವಾಗಿ ಓಡುತ್ತದೆ. ಇಪ್ಪತ್ತರ ಕೆಳಗಿಳಿದರೆ ಕುಂಟುತ್ತದೆ. ಜಿರಳೆಗೂ ಚಪ್ಪಲಿ ಎತ್ತದ ಮನುಷ್ಯನ ಕೈಗೆ ಬಂದೂಕು ಕೊಟ್ಟು ನಾನು ಪುಟ ಜೋಡಿಸಲು ಕೂತೆ.

ಮೊದಲು ಬಿಳಿ ಡಬ್ಬದ ಕಾರ್ಡು. ಸಾರ್ ಆಟದ ಬಯಲಿನಲ್ಲಿ ಸಂಜೆಯ ವಾಕಿಂಗಿನಂತೆ ನಡೆದರು. ಗುಂಡು ಬಿತ್ತು, ಸತ್ತರು. ಮತ್ತೆ ಎದ್ದು ನಡೆದರು. "ಏನಮ್ಮಾ ಇವ್ರು, ಮಾತಿಲ್ಲ ಕತೆಯಿಲ್ಲ, ಬಂದು ಹೊಡೀತಾರೆ!" ಅಂತ ಬೇಸರ ಮಾಡಿಕೊಂಡರು. ಮೂರು ಸಲ ಸತ್ತು, ಮೂರು ಸಲವೂ ಅಂಕಿ ಬರೆದುಕೊಂಡರು. ಸರಾಸರಿ ಮೂವತ್ತೆಂಟು. ಊಟವಾದ ಮೇಲೆ ಖಡ್ಗದ ಕಾರ್ಡು ಹಾಕಿ ಮೂರು ಸಲ ನೋಡಿದರು. ಸರಾಸರಿ ತೊಂಬತ್ತು.

ಅವರೇ ಬೆರಗಾದರು. ಟ್ಯಾಂಕು, ನಲ್ಲಿ ಎಲ್ಲ ತಲೆಕೆಳಗಾಗಿತ್ತು. ಅವತ್ತು ಸಂಜೆ ತುಂಬ ಹೊತ್ತು ಆ ಹಾಳೆ ನೋಡುತ್ತ ಕೂತಿದ್ದರು. ಕೊನೆಗೆ, "ತಕ್ಕಡಿ ಹೇಳಿದ್ಮೇಲೆ ಮುಗೀತು. ಹೆಂಗಸಿಗೇ ಮುದ್ರೆ ಹಾಕಮ್ಮ" ಅಂದರು. ಹಾಕಿದೆ. ಸಂಪಾದಕರ ಮುಖ ಅರಳಿತು. ಅವರ ಹೆಂಡತಿ ಶೆಡ್ಡಿಗೆ ಎಲ್ಲರಿಗೂ ಕಾಫಿ ಕಳಿಸಿದರು, ಹಾಗೆ ಕಳಿಸಿದ್ದು ಅದೇ ಮೊದಲು.

ಪತ್ರಿಕೆ ಹೊರಬಂದು ಒಂದು ವಾರಕ್ಕೆ ಬಿಟಿಎಂ ಎರಡನೇ ಹಂತದಿಂದ ಒಂದು ಕಾಗದ ಬಂತು. ಬರೆದವರು ಗದಗದ ಕಡೆಯ ಒಬ್ಬ ಹೆಣ್ಣುಮಗಳು. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಆಗಿದ್ದವರು ಆ ಕೆಲಸ ಬಿಟ್ಟು, ಬಾಡಿಗೆಗೆ ಒಂದು ಮಹಡಿ ಹಿಡಿದು, ಹತ್ತು ಕಂಪ್ಯೂಟರ್ ಇಟ್ಟು ಗೇಮಿಂಗ್ ಸೆಂಟರ್ ತೆರೆಯುತ್ತಿದ್ದರು. ಇದ್ದದ್ದನ್ನೆಲ್ಲ ಅದಕ್ಕೇ ಹಾಕಿದ್ದರು. "ಇಲ್ಲಿ ಒಬ್ಬೊಬ್ಬ ಅಂಗಡಿಯವರು ಒಂದೊಂದು ಹೇಳುತ್ತಾರೆ. ನಾನು ನಿಮ್ಮ ಮುದ್ರೆಯನ್ನೇ ನಂಬಿದ್ದೇನೆ. ಅದೇ ಕಾರ್ಡು ಹತ್ತಕ್ಕೆ ಹೇಳಿದ್ದೇನೆ. ಒಂದು ಬಂದಿದೆ, ಉಳಿದ ಒಂಬತ್ತು ಶುಕ್ರವಾರ ಮಧ್ಯಾಹ್ನ ಬರುತ್ತವೆ. ಶನಿವಾರ ಪೂಜೆ, ದಯಮಾಡಿ ಬರಬೇಕು" ಅಂತ ದುಂಡಗೆ ಬರೆದಿದ್ದರು. ಸಾರ್ ಆ ಕಾಗದವನ್ನು ಎರಡು ಸಲ ಓದಿ ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಹೊಸ ಷರಟು ಹೊಲಿಯಲು ಹಾಕಿದ್ದಾರೆ ಅಂತ ಆಮೇಲೆ ತಿಳಿಯಿತು.

ಶುಕ್ರವಾರ ಬೆಳಿಗ್ಗೆ ಸಂಪಾದಕರು ಪ್ರೆಸ್ಸಿಗೆ ಹೋಗಿದ್ದರು. ಮುಂದಿನ ಸಂಚಿಕೆಯ ಪುಟಗಳು ಇನ್ನೂ ಶುರುವಾಗಿರಲಿಲ್ಲ. ಕೈ ಸುಮ್ಮನಿರಲಿಲ್ಲ, ಖಡ್ಗದ ಕಾರ್ಡು ಇನ್ನೂ ಆಫೀಸಿನ ಕಂಪ್ಯೂಟರಿನಲ್ಲೇ ಇತ್ತು, ನಾನೂ ಆ ಆಟ ತೆಗೆದೆ. ಬಯಲಿಗೆ ಬಂದೆನೋ ಇಲ್ಲವೋ, ಚಿತ್ರ ಮುಗ್ಗರಿಸತೊಡಗಿತು. ಅಂಕಿ ಹದಿನಾಲ್ಕು. ಇಬ್ಬರು ಸೈನಿಕರು ಓಡಿ ಬಂದರೆ ಹನ್ನೊಂದು. ಹೆದರಿ ಒಂದು ಮನೆಯ ಹಿಂದೆ ಸರಿದು ಗೋಡೆಗೆ ಮುಖ ಮಾಡಿದೆ. ತೊಂಬತ್ತು!

ಸಾರ್ ಪಕ್ಕದ ಮೇಜಿನಲ್ಲಿ ಮುಂದಿನ ತಿಂಗಳ ಹೋಲಿಕೆಗೆ ಕೂತಿದ್ದರು. "ಸಾರ್," ಅಂದೆ, "ಈ ಕಾರ್ಡ್ ನೋಡೋವಾಗ ನೀವು ಎಲ್ಲಿ ನಿಂತಿದ್ರಿ?"

"ಬೆಳಿಗ್ಗೆ ಮೂರು ಸಲ ಸತ್ತು ಬುದ್ಧಿ ಬಂದಿತ್ತಲ್ಲಮ್ಮ. ಮಧ್ಯಾಹ್ನ ಶುರುವಾದ ತಕ್ಷಣ ಮನೆ ಹಿಂದೆ ಹೋಗಿ ಗೋಡೆ ನೋಡ್ತಾ ನಿಂತ್ಬಿಟ್ಟೆ. ಒಬ್ಬನೂ ಹೊಡೀಲಿಲ್ಲ."

ನಾನು ಗೋಡೆಯಿಂದ ಬಯಲಿಗೆ, ಬಯಲಿನಿಂದ ಗೋಡೆಗೆ ತಿರುಗಿ ತೋರಿಸಿದೆ. ಹದಿನಾಲ್ಕು, ತೊಂಬತ್ತು. ಹದಿನಾಲ್ಕು, ತೊಂಬತ್ತು. ಬಯಲಿನಲ್ಲಿ ಮನೆ, ಮರ, ಆಕಾಶ, ಮನುಷ್ಯರು ಎಲ್ಲವನ್ನೂ ಕಾರ್ಡು ಬರೆಯಬೇಕು. ಗೋಡೆಯ ಮುಂದೆ ಬರೆಯುವುದಕ್ಕೆ ಗೋಡೆ ಬಿಟ್ಟರೆ ಏನಿದೆ? ಬಿಳಿ ಡಬ್ಬ ಬಯಲಿನಲ್ಲಿ ಮೈ ಮುರಿದು ದುಡಿದು ಮೂವತ್ತೆಂಟು ತಂದಿತ್ತು. ಖಡ್ಗದ ಹೆಂಗಸು ಗೋಡೆಗೆ ಒರಗಿ ತೊಂಬತ್ತು ಹೊಡೆದಿದ್ದಳು.

ಸಾರ್ ಕನ್ನಡಕ ತೆಗೆದರು. ಅಷ್ಟು ಸಣ್ಣ ಮುಖ ಮಾಡಿಕೊಂಡದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. "ಚಪ್ಪಲಿಗೆ ಕಾಲು ಬದಲಾಯಿಸಿದೋನು ನಾನು," ಅಂದರು. "ಕಾರ್ಡಿಗೆ ಜಾಗ ಬದಲಾಯಿಸ್ಲಿಲ್ಲ." ಆಮೇಲೆ ಜೇಬಿನ ಕಾಗದ ಮುಟ್ಟಿ ನೋಡಿಕೊಂಡು ಎದ್ದು ನಿಂತರು. "ಮಧ್ಯಾಹ್ನ ಒಂಬತ್ತು ಬರತ್ತೆ ಅಂದಿದಾರೆ ಆಕೆ. ನಡಿಯಮ್ಮ."

ಕಾಗದದಲ್ಲಿ ಫೋನ್ ನಂಬರ್ ಇರಲಿಲ್ಲ, ವಿಳಾಸ ಮಾತ್ರ ಇತ್ತು. ಹೀಗಾಗಿ ಅವರ ಸ್ಕೂಟರಿನಲ್ಲಿ ಹೊರಟೆವು. ಅವರ ಸ್ಕೂಟರ್ ಸವಾರಿಯ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಗಂಟೆಗೆ ಇಪ್ಪತ್ತೈದು ಕಿಲೋಮೀಟರ್, ಅದರ ಮೇಲೆ ಮುಳ್ಳು ಹೋಗುವಂತಿಲ್ಲ. ಖಾಲಿ ರಸ್ತೆಯಲ್ಲೂ ತಿರುಗುವಾಗ ಕೈ ಚಾಚಿ, ಚಾಚಿದ ಕೈಯನ್ನು ಹಿಂದೆ ಬರುವವರು ಗಮನಿಸಿದರೋ ಇಲ್ಲವೋ ಅಂತ ತಿರುಗಿ ನೋಡಿ, ಆಮೇಲೆ ತಿರುಗುತ್ತಿದ್ದರು. ಬನಶಂಕರಿ ದಾಟುವಷ್ಟರಲ್ಲಿ ಒಬ್ಬ ಸೈಕಲ್ಲಿನವನು ನಮ್ಮನ್ನು ಹಿಂದೆ ಹಾಕಿ ಹೋದ. "ಸಾರ್, ಸ್ವಲ್ಪ ಜೋರಾಗಿ ಬಿಡಿ!" ಅಂದೆ. "ಮುಳ್ಳು..." ಅಂತ ಶುರು ಮಾಡಿದರು. "ಮುಳ್ಳು ನಿಂತಿದೆ ಸಾರ್! ನಿಂತು ಒಂದು ವಾರ ಆಯ್ತು! ನೀವು ಓಡಿಸಿ!" ಅಂತ ಕೂಗಿದೆ. ಹಿರಿಯರ ಮೇಲೆ ಹಾಗೆ ಕೂಗಿದ್ದು ತಪ್ಪು. ಆದರೆ ಸ್ಕೂಟರ್ ಮೂವತ್ತೈದಕ್ಕೆ ಏರಿತು. ಬನ್ನೇರುಘಟ್ಟ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ಮತ್ತೆ ಜೇಬಿನ ಕಾಗದ ಮುಟ್ಟಿ ನೋಡಿಕೊಂಡರು. ಆ ಹೆಣ್ಣುಮಗಳ ಹಣಕ್ಕಿಂತ ಹೆಚ್ಚಾಗಿ ಆಕೆಯ ನಂಬಿಕೆ ಅವರನ್ನು ಕಾಡುತ್ತಿತ್ತು.

ಮೂರನೇ ಮಹಡಿ ಹತ್ತಿದಾಗ ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತಿದ್ದ ಹೆಂಗಸೊಬ್ಬರು ಸ್ಟೂಲಿನಿಂದ ಇಳಿದರು. ಸಾರ್ ಕಾಗದ ತೆಗೆದು ತೋರಿಸಿದರು.

"ಅಯ್ಯ, ನೀವs ಏನ್ರೀ ಸಾರ್! ಬರ್ರಿ ಬರ್ರಿ ಒಳಗ. ಪೂಜಿ ನಾಳೆ ಐತ್ರಿ, ಇವತ್ತs ಬಂದೀರಿ!"

"ಅಮ್ಮಾ, ಒಂಬತ್ತು ಕಾರ್ಡ್ ಬಂತಾ?"

"ಇಲ್ರೀ, ಇನ್ನೊಂದು ತಾಸಿನ್ಯಾಗ ಬರ್ತಾವ. ಯಾಕ್ರೀ?"

"ತಗೋಬೇಡಿ. ನಾನು ತಪ್ಪು ತೂಗಿದೀನಿ."

ಆಕೆಗೆ ಅರ್ಥವಾಗಲಿಲ್ಲ. ಸಾರ್ ಅಲ್ಲೇ ಒಂದನೇ ನಂಬರ್ ಕಂಪ್ಯೂಟರಿನ ಮುಂದೆ ಕೂತು, ಅದರಲ್ಲಿದ್ದ ಖಡ್ಗದ ಕಾರ್ಡಿನ ಮೇಲೆ ಆಟ ತೆರೆದು, ಬಯಲಿಗೆ ಹೋಗಿ ತೋರಿಸಿದರು. ಗುಂಡು ಬಿದ್ದು ಸತ್ತರು. "ಇದು ನಿಜವಾದ ತೂಕ," ಅಂದರು. ಗೋಡೆಗೆ ಹೋಗಿ ತೋರಿಸಿದರು. "ಇದು ನಾನು ಬರೆದದ್ದು." ಆಕೆ ಒಂದು ನಿಮಿಷ ಪರದೆಯನ್ನೂ ಇವರನ್ನೂ ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗಲಿಕ್ಕೆ ಶುರು ಮಾಡಿದರು. ಎಷ್ಟು ನಕ್ಕರೆಂದರೆ ಸ್ಟೂಲಿನ ಮೇಲೆ ಕೂರಬೇಕಾಯಿತು. "ಗುಂಡಿಗಿ ಅಂಜಿ ಗ್ವಾಡಿ ಹಿಂದ ನಿಂತಿದ್ರ್ಯಾ? ಅಯ್ಯ ಶಿವನs!"

ಸಾರ್ ನಗಲಿಲ್ಲ. ಆಕೆ ಅಂಗಡಿಗೆ ಫೋನ್ ಮಾಡಿ ಒಂಬತ್ತನ್ನು ನಿಲ್ಲಿಸಿ, ಬದಲಿಗೆ ಬಿಳಿ ಡಬ್ಬ ಕಳಿಸಲು ಹೇಳುವವರೆಗೂ ಅವರು ನೀರು ಸಹ ಕುಡಿಯಲಿಲ್ಲ. ಒಡೆದ ಡಬ್ಬವನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ ಅಂದರು. ಹೊಸ ಕಾರ್ಡಿನ ಬೆಲೆ ತಾನು ಕೊಡುತ್ತೇನೆ ಅಂತ ಸಾರ್ ಪರ್ಸು ತೆಗೆದರೆ, ಆಕೆ ದುಡ್ಡು ಮುಟ್ಟಲೇ ಇಲ್ಲ. "ಒಂದs ಅಲ್ರೀ, ಇರ್ಲಿ ಬಿಡ್ರಿ. ಒಂಬತ್ತು ಉಳಿಸಿ ಕೊಟ್ರಲ್ಲ, ಅಷ್ಟs ಸಾಕು" ಅಂದರು.

"ಅದು ಹೇಗಾಗತ್ತಮ್ಮ? ಆ ಒಂದನೇ ನಂಬರಲ್ಲಿ ಕೂತೋನು ಪೂರ್ತಿ ಗಂಟೆಗೆ ದುಡ್ಡು ಕೊಡ್ತಾನೆ, ಅವನಿಗೆ ಅರ್ಧ ಆಟ ಸಿಗತ್ತೆ. ಕಮ್ಮಿ ಕಲ್ಲಿಟ್ಟು ತೂಗಿದ ಹಾಗಲ್ವಾ?"

"ಹಂಗಾದ್ರ ಏನ್ ಮಾಡೋಣಂತೀರಿ?"

ಸಾರ್ ಯೋಚಿಸಿದರು. ಮುಳ್ಳು ನಿಂತಿತು. "ವಾರದ ದಿನ ಅದ್ರಲ್ಲಿ ಬರೀ ಟೈಪಿಂಗ್ ಮಾಡ್ಸಿ, ಅದಕ್ಕೇನೂ ತೊಂದ್ರೆ ಇಲ್ಲ. ಶನಿವಾರ ಆಟದ ಜನ ಜಾಸ್ತಿ ಬರೋವಾಗ ಆ ಸೀಟು ಯಾರಿಗೂ ಕೊಡ್ಬೇಡಿ. ನಾನು ಬಂದು ಕೂತ್ಕೋತೀನಿ."

ನಾವು ತಮಾಷೆ ಅಂದುಕೊಂಡೆವು. ಅವರು ತಮಾಷೆ ಮಾಡುವವರಲ್ಲ ಅಂತ ನನಗೆ ಗೊತ್ತಿರಬೇಕಿತ್ತು.

ಸೋಮವಾರ ಸಂಪಾದಕರ ಜೊತೆ ದೊಡ್ಡ ಜಗಳವಾಯಿತು. ತಿದ್ದುಪಡಿ ಬೇಕಾದರೆ ಓದುಗರ ಓಲೆಯ ಕೆಳಗೆ ಎರಡು ಸಾಲು ಹಾಕೋಣ ಅಂದರು ಸಂಪಾದಕರು. ಹೋಲಿಕೆ ಬಂದ ಜಾಗದಲ್ಲೇ, ಅಷ್ಟೇ ದೊಡ್ಡದಾಗಿ ಬರಬೇಕು ಅಂದರು ಸಾರ್. "ನಮ್ ಇಲಾಖೇಲಿ ತಪ್ಪು ಕಲ್ಲು ಸಿಕ್ರೆ ಅದರ ಮೇಲಿದ್ದ ಮುದ್ರೇನ ಅಲ್ಲೇ ಉಳಿ ಇಟ್ಟು ಹೊಡೆದು ಕೆಡಿಸ್ತೀವಿ. ಬೇರೆ ಎಲ್ಲೋ ಮೂಲೇಲಿ ಕೆರೆಯೋದಿಲ್ಲ."

"ಹಿಂದಿನ ಪುಟದ ಜಾಹೀರಾತು ಹೋಗತ್ತೆ ಸಾರ್! ಮನೇಲಿ ನನಗೆ ಊಟ ಹಾಕೋರು ಯಾರು?"

"ಹಾಗಾದ್ರೆ ನಾನು ಇನ್ಮೇಲೆ ಬರೆಯೋದಿಲ್ಲ."

ಸಂಪಾದಕರು ನನ್ನ ಕಡೆ ನೋಡಿದರು. ಪ್ರತಿ ತಿಂಗಳು ಸಾರ್ ತುಂಬಿಸುತ್ತಿದ್ದ ಆರು ಪುಟ ಯಾರು ತುಂಬಿಸುತ್ತಾರೆ ಅಂತ ಅವರ ಕಣ್ಣಲ್ಲಿ ಲೆಕ್ಕ ನಡೆಯುತ್ತಿತ್ತು. "ನನ್ ಕೈಯಲ್ಲಿ ಆಗಲ್ಲ, ನನಗೆ ಪುಟ ಜೋಡಿಸೋದು ಮಾತ್ರ ಬರತ್ತೆ" ಅಂದೆ. ಸುಳ್ಳು ಹೇಳಿದೆ, ನಾಲ್ಕು ಪುಟವಾದರೂ ಬರೆಯಬಲ್ಲವಳಾಗಿದ್ದೆ. ಸಂಪಾದಕರು ಕೈ ಎತ್ತಿದರು.

ಮುಂದಿನ ಸಂಚಿಕೆಯಲ್ಲಿ ಅದೇ ಪುಟದಲ್ಲಿ, ಅಡ್ಡ ಗೆರೆ ಹೊಡೆದ ಮುದ್ರೆಯ ಕೆಳಗೆ, ಸಾರ್ ಬರೆದದ್ದು ಬಂತು. ಮೊದಲ ಸಾಲು ನನಗೆ ಬಾಯಿಪಾಠ: "ಹೋದ ತಿಂಗಳು ನಾನು ಒಂದು ಕಾರ್ಡನ್ನು ಬಯಲಿನಲ್ಲಿ ನಿಂತು ತೂಗಿದೆ, ಇನ್ನೊಂದನ್ನು ಗೋಡೆ ನೋಡುತ್ತ ನಿಂತು ತೂಗಿದೆ; ತಕ್ಕಡಿ ಸರಿಯಿತ್ತು, ತೂಗಿದವನು ಹೆದರಿದ್ದ." ಮೊದಲ ಬಾರಿಗೆ ಅದರ ಕೆಳಗೆ ತಮ್ಮ ಹೆಸರು ಹಾಕಿಸಿದರು. ತಪ್ಪಿಗೆ ಹೆಸರು ಇರಬೇಕಂತೆ. ಜಾಹೀರಾತು ಹೋಯಿತು, ಆ ಜಾಗದಲ್ಲಿ ಮೂರು ತಿಂಗಳು ಸಂಪಾದಕರ ಭಾವಮೈದುನನ ಉಪ್ಪಿನಕಾಯಿ ಬಂತು. ಓದುಗರ ಕಾಗದಗಳು ಮಾತ್ರ ಎಂದೂ ಬರದಷ್ಟು ಬಂದವು.

ಅವರು ಶನಿವಾರಗಳ ಮಾತನ್ನೂ ನಡೆಸಿದರು. ಸಂಜೆ ಐದಕ್ಕೆ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಬಿಟಿಎಂಗೆ ಹೋಗಿ, ಎಲ್ಲರ ಹಾಗೆ ಗಂಟೆಯ ಹಣ ಕೊಟ್ಟು, ಒಂದನೇ ನಂಬರಿನಲ್ಲಿ ಏಳರವರೆಗೆ ಕೂರುತ್ತಿದ್ದರು. ಇನ್ನುಳಿದ ಒಂಬತ್ತು ಸೀಟಿನಲ್ಲಿ ಕಾಲೇಜಿನವರು "ಹಿಂದೆ ನೋಡೋ ಮಗಾ, ಹಿಂದೆ!" ಅಂತ ಕಿರುಚುತ್ತಿದ್ದರೆ, ಇವರು ಒಂದು ಮನೆಯ ಹಿಂದೆ ಗೋಡೆ ನೋಡುತ್ತ ನಿಂತಿರುತ್ತಿದ್ದರು. ಎರಡು ಗುಂಪಿನವರಿಗೂ ಅವರು ಅಲ್ಲಿರುತ್ತಾರೆ ಅಂತ ಗೊತ್ತಿತ್ತು. ಯಾರೂ ಹೊಡೆಯುತ್ತಿರಲಿಲ್ಲ. "ತಾತನ ಗೋಡೆ" ಅಂತ ಆ ಜಾಗಕ್ಕೆ ಹೆಸರೇ ಬಿದ್ದಿತ್ತು. ನಾಲ್ಕೈದು ವರ್ಷ, ಆ ಅಂಗಡಿ ಮುಚ್ಚುವವರೆಗೂ, ಇದು ನಡೆಯಿತು. ಒಮ್ಮೆ ನಾನು ಸಿಡಿಮಿಡಿಗೊಂಡು, "ಸಾಕು ಸಾರ್ ಪ್ರಾಯಶ್ಚಿತ್ತ, ಶನಿವಾರ ಮನೇಲಿ ಆರಾಮಾಗಿ ಇರಿ" ಅಂದೆ. ಹೆಂಡತಿ ಹೋದ ಮೇಲೆ ಅವರ ಮನೆಯಲ್ಲಿ ಶನಿವಾರ ಹೇಗಿರುತ್ತದೆ ಅಂತ ಆಗ ನನಗೆ ಹೊಳೆಯಲಿಲ್ಲ. ಅದಕ್ಕೆ ಈಗ ನಾಚಿಕೆಯಾಗುತ್ತದೆ. ಅವರು ಸುಮ್ಮನೆ, "ತೂಕ ಸರಿ ಇಲ್ವಲ್ಲಮ್ಮ, ಹೋಗ್ಬೇಕು" ಅಂದಿದ್ದರು.

ಸಾರ್ ಅವರ ವೈಕುಂಠ ಸಮಾರಾಧನೆಯ ದಿನ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಗದಗದ ಅಕ್ಕ ಕೂತರು. ಪಾಯಸ ಬಡಿಸುವವರೆಗೂ ತಡೆದುಕೊಂಡಿದ್ದವರು ಕಣ್ಣು ಒರೆಸಿಕೊಂಡು ನನ್ನ ಕಿವಿಯ ಹತ್ತಿರ ಬಾಗಿದರು.

"ಒಂದ್ ಮಾತು ಹೇಳ್ತೀನವ್ವ, ಯಾರ ಮುಂದೂ ಹೇಳಿಲ್ಲ. ಆ ಒಂದನೇ ನಂಬರಿಂದು ಕಾರ್ಡ್ ಐತಲ್ಲ, ಎರಡನೇ ತಿಂಗಳs ತಗಸಿ ಚಲೋದು ಹಾಕ್ಸಿದ್ದೆ."

"ಅಯ್ಯೋ! ಸಾರ್‌ಗೆ ಹೇಳ್ಲಿಲ್ವಾ?"

"ಹೆಂಗ ಹೇಳ್ಲಿ? ಹೇಳಿದ್ರ ಬರೋದು ಬಿಡ್ತಿದ್ರು. ಅವ್ರು ಬಂದ್ರ ನನ್ ಅಂಗಡ್ಯಾಗ ಒಬ್ಬ ಹುಡುಗ ಕೆಟ್ಟ ಮಾತಾಡ್ತಿದ್ದಿಲ್ಲ, ಗೊತ್ತೈತೇನು? ಹೆಂಗೂ ಗ್ವಾಡಿ ಬಿಟ್ಟು ಬ್ಯಾರೆ ನೋಡೋದಿಲ್ಲ, ತಿಳಿಯೋದಿಲ್ಲ ಬಿಡು ಅಂತ ಸುಮ್ನಿದ್ದೆ. ಪಾಪ, ತಿಳೀಲೇ ಇಲ್ಲ ಅವ್ರಿಗೆ."

ಇಬ್ಬರೂ ಎಲೆಯ ಮುಂದೆ ಕೂತು ನಕ್ಕೆವು, ಅತ್ತೆವು. ಎದುರು ಸಾಲಿನವರು ನೋಡುತ್ತಿದ್ದರು. ಐದು ಗ್ರಾಂ ವ್ಯತ್ಯಾಸವನ್ನು ಕಿರುಬೆರಳಲ್ಲಿ ಹೇಳುತ್ತಿದ್ದ ಮನುಷ್ಯನಿಗೆ ಇಡೀ ಕಾರ್ಡು ಬದಲಾದದ್ದು ತಿಳಿಯಲಿಲ್ಲವೆಂದರೆ ನನಗೆ ನಂಬುವುದು ಕಷ್ಟವಾಯಿತು.

ಹೊರಡುವಾಗ ಅವರ ಮಗಳು ಉದ್ದನೆಯ ಒಂದು ರಿಜಿಸ್ಟರ್ ಪುಸ್ತಕ ತಂದುಕೊಟ್ಟಳು. "ಅಪ್ಪನ ಲೆಕ್ಕದ ಪುಸ್ತಕ, ಕಂಪ್ಯೂಟರ್ ವಿಷಯ ಇದೆ, ನಿಮಗಾದ್ರೆ ಅರ್ಥ ಆಗತ್ತೆ" ಅಂದಳು. ಗ್ಯಾಸ್ ಸಿಲಿಂಡರಿನ ತೂಕ, ಆಟೋ ಮೀಟರು, ಕಂದು ಚಪ್ಪಲಿ, ಕಪ್ಪು ಚಪ್ಪಲಿ ಎಲ್ಲ ಅದರಲ್ಲಿದ್ದವು. ಮನೆಗೆ ಬಂದು ಹಾಳೆ ತಿರುವುತ್ತ ಹೋದೆ. ಶನಿವಾರಗಳ ಪುಟ ಸಿಕ್ಕಿತು. ಮೊದಲ ನಾಲ್ಕು ಶನಿವಾರ: ಒಂದನೇ ನಂಬರ್, ಗೋಡೆ ಎದುರು ತೊಂಬತ್ತು. ತೊಂಬತ್ತೊಂದು. ತೊಂಬತ್ತು. ತೊಂಬತ್ತು.

ಐದನೆಯ ಶನಿವಾರದ ಮುಂದೆ ಸಾರ್ ಅವರ ಅಕ್ಷರದಲ್ಲೇ ಹೀಗಿತ್ತು: "ಗೋಡೆ ಎದುರು ನೂರ ನಲವತ್ತು. ಅನುಮಾನ ಬಂತು. ಧೈರ್ಯ ಮಾಡಿ ಬಯಲಿಗೆ ಹೋದೆ. ಗುಂಡು ಬೀಳುವ ಮೊದಲು ಓದಿದ್ದು ಮೂವತ್ತೆಂಟು. ಇದು ಬಿಳಿ ಡಬ್ಬ. ಆಕೆ ಬದಲಾಯಿಸಿದ್ದಾರೆ, ಹೇಳಿಲ್ಲ. ನಾನೂ ಕೇಳುವುದಿಲ್ಲ. ತೂಕ ಸರಿ ಇದೆ. ಆದರೂ ಮುಂದಿನ ಶನಿವಾರ ಹೋಗುತ್ತೇನೆ."